ದೀಪಾವಳಿ ರಜೆಗೆ ಚಾರ್‌ಮತ್‌ನಲ್ಲಿ ಪಳೆಯುಳಿಕೆ ಹುಡುಕಾಟ: ಹೊರಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಸಾಗರದಿಂದ_ರೆಡಿಂಗ್:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ಮಗನ ಶಾಲೆಗೆ ರಜೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಡಾರ್ಸೆಟ್‌ನ ಚಾರ್‌ಮತ್‌ಗೆ ಹೋಗಿ ಸಮುದ್ರದ ದಂಡೆಯಲ್ಲಿ ಪಳೆಯುಳಿಕೆ ಹುಡುಕಬೇಕು ಅಂತ ಇದ್ದೇವೆ. ಹೋಗುವವರು ನಾನು, ನಮ್ಮವರು, ಎಂಟು ವರ್ಷದ ಮಗ, ಮತ್ತೆ ಊರಿಂದ ಬಂದಿರುವ ನನ್ನ ಅಮ್ಮ.

ಇದೆಲ್ಲ ಶುರುವಾಗಿದ್ದು ಶಾಲೆಯ ಮೇರಿ ಆ್ಯನಿಂಗ್ ಪಾಠದಿಂದ. ಇನ್ನೂರು ವರ್ಷದ ಹಿಂದೆ ಆ ಕಡೆ ಪಳೆಯುಳಿಕೆ ಹುಡುಕಿ ಹೆಸರಾದವಳು. 1811ರಲ್ಲಿ ಅವಳ ಅಣ್ಣನಿಗೆ ಇಕ್ತಿಯೋಸಾರ್ ಅನ್ನುವ ಕಡಲ ಸರೀಸೃಪದ ತಲೆಬುರುಡೆ ಸಿಕ್ಕಿತು, ಮುಂದಿನ ವರ್ಷ ತಂಗಿಗೆ ಉಳಿದ ಮೈ ಸಿಕ್ಕಿತು ಅಂತ ಕೇಳಿದ್ದೇ ತಡ, ನಮ್ಮ ಹುಡುಗ ಹಿತ್ತಿಲನ್ನು ಚಮಚದಲ್ಲಿ ಅಗೆಯುತ್ತಿದ್ದಾನೆ. ಈವರೆಗೆ ಸಿಕ್ಕಿದ್ದು ಯಾರದೋ ಬೆಕ್ಕಿನ ಕೊರಳ ಗೆಜ್ಜೆ.

ಹೋದ ವರ್ಷ ಒಮ್ಮೆ ಚಾರ್‌ಮತ್ ಪಕ್ಕದ ಲೈಮ್ ರೀಜಿಸ್‌ಗೆ ಹೋಗಿದ್ದೆವು. ಏನೂ ನೋಡಿಕೊಳ್ಳದೆ. ನಾವು ತಲುಪಿದಾಗ ಸಮುದ್ರ ಗೋಡೆಗೆ ಬಂದು ಬಡಿಯುತ್ತಿತ್ತು. ಹುಡುಕಲು ದಂಡೆಯೇ ಇರಲಿಲ್ಲ. ಎರಡೂವರೆ ಗಂಟೆ ಕಾರು, ಇಪ್ಪತ್ತು ನಿಮಿಷ ಚಿಪ್ಸ್, ಮತ್ತೆ ಎರಡೂವರೆ ಗಂಟೆ ಕಾರು. ಅದಕ್ಕೇ ಈ ಸಲ ಮೊದಲೇ ಕೇಳುತ್ತಿದ್ದೇನೆ.

ಒಂದು, ಆ ಶನಿವಾರ ಸಮುದ್ರದ ಇಳಿತ ಒಂದು ಆ್ಯಪ್‌ನಲ್ಲಿ 12:10 ಅಂತಿದೆ. ಗೆಳತಿ ಕಳಿಸಿದ ಅಚ್ಚು ಹಾಕಿದ ಪಟ್ಟಿಯಲ್ಲಿ 11:10 ಅಂತಿದೆ. ಯಾವುದನ್ನು ನಂಬುವುದು? ಭಾನುವಾರ ಬೇರೆ ಇಲ್ಲಿನ ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನನಗೆ ತಲೆ ಕೆಟ್ಟುಹೋಗಿದೆ.

ಎರಡು, ಕಲ್ಲು ಎತ್ತಿಕೊಳ್ಳಲು ಯಾರದ್ದಾದರೂ ಪರ್ಮಿಷನ್ ಬೇಕಾ? ಮಗ ಸುತ್ತಿಗೆ ಕೊಡಿಸಿ ಅಂತ ಹಟ ಹಿಡಿದಿದ್ದಾನೆ.

ಮೂರು, ಅಮ್ಮನಿಗೆ 68. ಮಂಡಿನೋವು. ಅವರನ್ನು ಕರೆದುಕೊಂಡು ಹೋಗಬಹುದಾ, ಅಥವಾ ಮನೆಯಲ್ಲೇ ಬಿಡುವುದು ಒಳ್ಳೆಯದಾ? ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ, ಅದೂ ಹಬ್ಬದ ದಿನ.

ಕುಮಟಾ_ಟು_ಯೋವಿಲ್:

ನಿಮ್ಮ 11:10, 12:10 ಎರಡೂ ಸರಿ. ಎರಡೂ ಒಂದೇ ಇಳಿತ. ಇಲ್ಲಿ ಅಚ್ಚು ಹಾಕಿದ ಎಷ್ಟೋ ಟೈಡ್ ಟೇಬಲ್‌ಗಳು ವರ್ಷವಿಡೀ ಜಿಎಂಟಿಯಲ್ಲೇ, ಅಂದರೆ ಗ್ರೀನಿಚ್ ಸಮಯದಲ್ಲೇ ಇರುತ್ತವೆ. ಬೇಸಿಗೆ ಸಮಯ ನಡೆಯುವಾಗ, ಅಂದರೆ ಗಡಿಯಾರ ಒಂದು ಗಂಟೆ ಮುಂದೆ ಇರುವಾಗ, ನಾವೇ ಒಂದು ಗಂಟೆ ಸೇರಿಸಿಕೊಳ್ಳಬೇಕು. ಆ್ಯಪ್‌ಗಳು ಸಾಮಾನ್ಯವಾಗಿ ಸೇರಿಸಿಯೇ ತೋರಿಸುತ್ತವೆ. ಯಾವುದು ಹೇಗೆ ಅಂತ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಸಣ್ಣ ಅಕ್ಷರ ಓದದೆ ನಾನು ಪಟ್ಟ ಪಾಡು ಹೇಳುತ್ತೇನೆ ಕೇಳಿ.

ಏಳು ವರ್ಷದ ಹಿಂದಿನ ಆಗಸ್ಟ್. ಆ್ಯಪ್ ಇಳಿತ ಒಂದು ಗಂಟೆಗೆ ಅಂತ ತೋರಿಸಿತು. ಬೇಸಿಗೆ ಅಲ್ವಾ ಅಂತ ಜಾಣತನ ಮಾಡಿ ನಾನೊಂದು ಗಂಟೆ ಸೇರಿಸಿದೆ. ಅದು ಮೊದಲೇ ಸೇರಿಸಿತ್ತು. ಅಂದರೆ ಎರಡಕ್ಕೆ ಇಳಿತ ಅಂತ ನಾನು ಅಂದುಕೊಂಡಿದ್ದಾಗ ನೀರು ಒಂದು ಗಂಟೆಯಿಂದ ಏರುತ್ತಲೇ ಇತ್ತು. ಚಾರ್‌ಮತ್‌ನಿಂದ ಲೈಮ್ ಕಡೆಗೆ, ಬ್ಲ್ಯಾಕ್ ವೆನ್ ಅನ್ನುವ ಗುಡ್ಡದ ಕೆಳಗೆ ಆರಾಮಾಗಿ ಕೂತು ಕಲ್ಲು ತಿರುಗಿಸುತ್ತಿದ್ದೆ. ಮೂರೂವರೆಗೆ ತಲೆ ಎತ್ತಿದರೆ ನಾನು ಕೂತ ಕಡೆ ಒಣಗಿದೆ, ಬಂದ ದಾರಿ ಇಲ್ಲ!

ಅದು ಯಾಕೆ ಹಾಗೆ ಅಂದರೆ, ಬ್ಲ್ಯಾಕ್ ವೆನ್ ಸುಮ್ನೆ ನಿಂತಿರುವ ಗುಡ್ಡ ಅಲ್ಲ. ಕೆಸರು ನಾಲಿಗೆಯ ಹಾಗೆ ಜಾರಿಕೊಂಡು ಸಮುದ್ರದೊಳಗೆ ಚಾಚಿಕೊಂಡಿರುತ್ತದೆ. ನೀರು ಏರುವಾಗ ಮೊದಲು ಮುಳುಗುವುದು ಆ ನಾಲಿಗೆಯ ತುದಿ. ಅದರಾಚೆ ಇರುವ ದಂಡೆ ಇನ್ನೂ ಅರ್ಧ ಗಂಟೆ ಒಣಗಿರುತ್ತದೆ. ಅದನ್ನು ನಂಬಿ ಕೂತವರು ಸಿಕ್ಕಿಬೀಳುತ್ತಾರೆ. ನಾನು ಅಘನಾಶಿನಿ ಕೋಡಿಯಲ್ಲಿ ಭರತ, ಇಳಿತ ನೋಡುತ್ತಲೇ ಬೆಳೆದವನು. ಸಮುದ್ರದ ಬಗ್ಗೆ ಇಂಗ್ಲಿಷರಿಂದ ಕಲಿಯುವುದೇನು ಅನ್ನೋ ಸೊಕ್ಕು ಬೇರೆ ಇತ್ತು. ದೊಡ್ಡ ಭರತದ ದಿನ ಇಲ್ಲಿ ನೀರು ಏರಿಳಿಯುವುದು ನಮ್ಮ ಕಡೆಯ ಸುಮಾರು ಎರಡು ಪಟ್ಟು. ತೊಡೆಮಟ್ಟ ನೀರಿನಲ್ಲಿ, ಬೆನ್ನ ಮೇಲೆ ಕಲ್ಲಿನ ಚೀಲ ಹೊತ್ತು, ಕೆಸರಿನಲ್ಲಿ ಒಂದು ಬೂಟು ಬಿಟ್ಟು ಬಂದೆ. ಹೆಂಡತಿ ಟವೆಲ್ ಕೊಟ್ಟಳು. ಯೋವಿಲ್ ಬರುವವರೆಗೆ ಮಾತಾಡಲಿಲ್ಲ.

ಈಗ ನಿಮ್ಮ ದಿನಕ್ಕೆ ಬರೋಣ. ಶನಿವಾರ ಗಡಿಯಾರದ ಪ್ರಕಾರ ಇಳಿತ 12:10. ಮರುದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ, ಆದರೆ ಗಡಿಯಾರ ಒಂದು ಗಂಟೆ ಹಿಂದೆ ಬರುತ್ತದೆ. ಹಾಗಾಗಿ ಭಾನುವಾರ ಸುಮಾರು 11:55. ಫೋನ್ ತಾನೇ ಬದಲಾಗುತ್ತದೆ. ಕಾರಿನ ಗಡಿಯಾರ, ನಿಮ್ಮ ಅಮ್ಮನ ಕೈಗಡಿಯಾರ ಬದಲಾಗುವುದಿಲ್ಲ. ಮನೆಯವರೆಲ್ಲ ಒಂದೇ ಗಡಿಯಾರ ನೋಡಿ. ಕಡಲ ನಕ್ಷೆ ಮಾಡುವ ಅಡ್ಮಿರಲ್ಟಿಯವರ ಈಸಿಟೈಡ್ ಅಂತ ಪುಟ ಇದೆ, ಒಂದು ವಾರದ್ದು ಪುಕ್ಕಟೆ ಸಿಗುತ್ತದೆ. ಲೈಮ್ ರೀಜಿಸ್ ಅಂತ ಹಾಕಿ ನೋಡಿ.

ನೀರು ಇಳಿಯುತ್ತಿರುವಾಗ ಹೋಗಿ, ಏರಲು ಶುರುವಾದಾಗ ವಾಪಸ್ ಹೊರಡಿ. ನಿಮಗೆ ಬೆಳಗ್ಗೆ ಹತ್ತಕ್ಕೆ ದಂಡೆಯಲ್ಲಿರುವುದು, ಹನ್ನೆರಡಕ್ಕೆ ಮುಖ ತಿರುಗಿಸುವುದು ಸರಿಹೋಗುತ್ತದೆ. ಅಮಾವಾಸ್ಯೆ ಆಗಿರುವುದರಿಂದ ನೀರು ಚೆನ್ನಾಗಿ ಇಳಿಯುತ್ತದೆ, ಸಂಜೆ ಅಷ್ಟೇ ಜೋರಾಗಿ ಏರುತ್ತದೆ ಕೂಡ. ಇಲ್ಲೊಂದು ತಮಾಷೆ ಇದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಲೈಮ್ ಕಡೆ ಇಳಿತ ಯಾವಾಗಲೂ ಮಧ್ಯಾಹ್ನದ ಹೊತ್ತಿಗೇ ಬೀಳುತ್ತದೆ. ನಾನೀಗ ರಜೆ ಹಾಕುವ ಮುಂಚೆ ಗೋಡೆಯ ಪಂಚಾಂಗ ನೋಡುತ್ತೇನೆ, ಆಮೇಲೆ ಆ್ಯಪ್.

ಟೇಬಲ್‌ನಲ್ಲಿ ಇಲ್ಲದ್ದು ಗಾಳಿ. ದಕ್ಷಿಣದಿಂದ, ನೈಋತ್ಯದಿಂದ ಜೋರಾಗಿ ಬೀಸಿದರೆ ನೀರು ಲೆಕ್ಕದಷ್ಟು ಇಳಿಯುವುದೇ ಇಲ್ಲ. ವಾಯುಭಾರ ಒಂದು ಮಿಲಿಬಾರ್ ಕಡಿಮೆಯಾದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಮೇಲೇಳುತ್ತದೆ. ಮೂವತ್ತು ಮಿಲಿಬಾರ್ ಕುಸಿದರೆ ಒಂದಡಿ ಆಯಿತಲ್ಲ. ಹಾಗಾಗಿ ಗುರುವಾರ ಒಮ್ಮೆ, ಶುಕ್ರವಾರ ರಾತ್ರಿ ಒಮ್ಮೆ ಇಲ್ಲಿನ ಹವಾಮಾನ ಇಲಾಖೆ ಮೆಟ್ ಆಫೀಸಿನ ಪುಟದಲ್ಲಿ ಗಾಳಿ ನೋಡಿ. ಹಿಂದಿನ ವಾರ ಎಷ್ಟು ಮಳೆ ಬಿತ್ತು ಅನ್ನುವುದನ್ನೂ ನೋಡಿ.

ಕಲ್ಲುಮಣ್ಣು_ಲೀಡ್ಸ್:

ನಾನು ಧಾರವಾಡದಲ್ಲಿ ಭೂವಿಜ್ಞಾನ ಓದಿದವನು, ಈಗ ಬೇರೆ ಕೆಲಸದಲ್ಲಿದ್ದೇನೆ. ಸುತ್ತಿಗೆ ವಿಷಯಕ್ಕೆ ಮೊದಲು ಬರುತ್ತೇನೆ. ಕೊಡಿಸಬೇಡಿ. ಎಂಟು ವರ್ಷದ ಹುಡುಗ ಕಣ್ಣು ಕಾಯುವ ಕನ್ನಡಕ ಇಲ್ಲದೆ ಕಲ್ಲು ಒಡೆಯುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಚಾರ್‌ಮತ್‌ನಲ್ಲಿ ಅದು ಬೇಕಾಗಿಯೂ ಇಲ್ಲ. ಒಳ್ಳೆಯವೆಲ್ಲ ಸಮುದ್ರವೇ ತೊಳೆದು ಮರಳಿನ ಮೇಲೆ ಇಟ್ಟಿರುತ್ತದೆ.

ಪರ್ಮಿಷನ್ ಬಗ್ಗೆ: ಪಶ್ಚಿಮ ಡಾರ್ಸೆಟ್‌ನ ಈ ಭಾಗಕ್ಕೆ ಒಂದು ಸಂಗ್ರಹ ನಿಯಮಾವಳಿ ಇದೆ. ದಂಡೆಯಲ್ಲಿ ಬಿದ್ದಿರುವ ಬಿಡಿ ಕಲ್ಲನ್ನು ಎತ್ತಿಕೊಳ್ಳಬಹುದು. ಗುಡ್ಡದ ಗೋಡೆಯನ್ನು ಅಗೆಯುವಂತಿಲ್ಲ. ಅಪರೂಪದ್ದು ಸಿಕ್ಕರೆ, ಅಂದರೆ ಇಕ್ತಿಯೋಸಾರ್‌ನ ಜೋಡಿಸಿಕೊಂಡ ಮೂಳೆ ಅಂಥದ್ದು, ಚಾರ್‌ಮತ್ ಹೆರಿಟೇಜ್ ಕೋಸ್ಟ್ ಸೆಂಟರ್‌ನಲ್ಲಿ ದಾಖಲಿಸಬೇಕು. ಅದು ದಂಡೆಯ ಮೇಲೇ ಇದೆ, ಹಳೇ ಸಿಮೆಂಟ್ ಫ್ಯಾಕ್ಟರಿಯ ಕಟ್ಟಡ. ಏನು ಸಿಕ್ಕಿತು ಅಂತ ತೋರಿಸಿದರೆ ಗುರುತು ಹೇಳುತ್ತಾರೆ. ಚಳಿಗಾಲದ ಕಡೆಗೆ ತೆರೆದಿರುವ ದಿನಗಳು ಕಡಿಮೆ, ನೋಡಿಕೊಂಡು ಹೋಗಿ.

ಆದರೆ ಇಲ್ಲಿ ನಡೆಯುವುದು ಎಲ್ಲ ಕಡೆ ನಡೆಯುತ್ತದೆ ಅಂದುಕೊಳ್ಳಬೇಡಿ. ಜುರಾಸಿಕ್ ಕೋಸ್ಟ್ ಅಂತ ಕರೆಯುವ ಈ ಕರಾವಳಿ 155 ಕಿಲೋಮೀಟರ್ ಉದ್ದ. ಒಂದೊಂದು ಕಡೆ ಒಬ್ಬೊಬ್ಬ ಜಮೀನು ಮಾಲೀಕ, ಒಂದೊಂದು ನಿಯಮ. ಲಲ್‌ವರ್ತ್ ಪಕ್ಕದ ಫಾಸಿಲ್ ಫಾರೆಸ್ಟ್ ಇರುವುದು ಸೈನ್ಯದ ಗುಂಡು ಹಾರಿಸುವ ಜಾಗದಲ್ಲಿ. ಹೆಚ್ಚಾಗಿ ವಾರಾಂತ್ಯ, ರಜೆ ದಿನಗಳಲ್ಲಿ ಮಾತ್ರ ಬಿಡುತ್ತಾರೆ. ನಾನು ಒಂದು ಬುಧವಾರ ಹೋಗಿ ಕೆಂಪು ಬಾವುಟ ನೋಡಿಕೊಂಡು ಬಂದೆ. ಲೈಮ್‌ನ ಪಶ್ಚಿಮಕ್ಕೆ ಮಾನ್ಮತ್ ಬೀಚ್‌ನಲ್ಲಿ ತಟ್ಟೆಯಷ್ಟು, ಮೊರದಷ್ಟು ದೊಡ್ಡ ಅಮ್ಮೋನೈಟ್‌ಗಳು, ಅಂದರೆ ಸುರುಳಿ ಚಿಪ್ಪಿನ ಹಳೇ ಕಡಲಜೀವಿಯ ಪಳೆಯುಳಿಕೆಗಳು, ಹಾಸುಗಲ್ಲಿನಲ್ಲೇ ಕೂತಿವೆ. ಅವು ನೋಡಲಿಕ್ಕೆ, ಕೀಳಲಿಕ್ಕಲ್ಲ.

ಮೇಲಿನವರು ಹೇಳಿದ ಗಾಳಿ ಮಾತಿಗೆ ನನ್ನದೊಂದು ತಕರಾರು. ಬಿರುಗಾಳಿ ಬಂದರೆ ಒಳ್ಳೆಯದೇ. ಅಲೆ ಮರಳನ್ನು ಎಳೆದುಕೊಂಡು ಹೋಗಿ ಹೊಸ ಕಲ್ಲು ಹೊರಗೆ ಬರುತ್ತವೆ. ಬೇಸಿಗೆಯಲ್ಲಿ ಸಾವಿರ ಜನ ನಡೆದಾಡಿದ ದಂಡೆಯಲ್ಲಿ ಏನೂ ಸಿಗುವುದಿಲ್ಲ.

ಇನ್ನೊಂದು ಮಾತು. ಅಲ್ಲಿ ಮಕ್ಕಳಿಗೆ ಹೆಚ್ಚು ಇಷ್ಟವಾಗುವುದು ಬಂಗಾರದ ಬಣ್ಣದ ಸಣ್ಣ ಅಮ್ಮೋನೈಟ್‌ಗಳು. ಅವು ಕಬ್ಬಿಣ, ಗಂಧಕ ಸೇರಿದ ಪೈರೈಟ್ ಅನ್ನುವ ಖನಿಜ. ತೇವ ತಾಗಿದರೆ ಕೆಲವು ವರ್ಷದಲ್ಲಿ ಬಿಳಿ ಬೂದಿಯಂತೆ ಪುಡಿಯಾಗುತ್ತವೆ. ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಮುಚ್ಚಿಡಿ. ಅಮ್ಮನ ಕೈಯಲ್ಲಿ ಸಾಗರಕ್ಕೆ ಕಳಿಸಿದರೆ ಎರಡು ಮಳೆಗಾಲ ಉಳಿಯುವುದೂ ಅನುಮಾನ.

ಕುಮಟಾ_ಟು_ಯೋವಿಲ್:

ಲೀಡ್ಸ್‌ನವರೇ, ಬಿರುಗಾಳಿ ಕಳೆದ ಮೇಲೆ ಒಳ್ಳೆಯದು, ಒಪ್ಪಿದೆ. ಬೀಸುತ್ತಿರುವಾಗ ಮಗು ಕರೆದುಕೊಂಡು ಹೋಗುವುದು ಬೇಡ. ಮಳೆ ನೆನೆದ ಗುಡ್ಡದ ಬುಡ ಹೇಗಿರುತ್ತದೆ ಅಂತ ನೀವು ಲೀಡ್ಸ್‌ನಲ್ಲಿ ಕೂತು ಮರೆತಿದ್ದೀರಿ. 2008ರ ಮೇ ತಿಂಗಳಲ್ಲಿ ಲೈಮ್ ಮತ್ತು ಚಾರ್‌ಮತ್ ನಡುವೆ ಸುಮಾರು 400 ಮೀಟರ್ ಗುಡ್ಡ ಒಂದೇ ಸಂಜೆ ಜಾರಿತು. 2012ರಲ್ಲಿ ಬರ್ಟನ್ ಬ್ರಾಡ್‌ಸ್ಟಾಕ್ ಹತ್ತಿರ ಬಂಡೆ ಬಿದ್ದು ದಂಡೆಯಲ್ಲಿ ನಡೆಯುತ್ತಿದ್ದ ಒಬ್ಬ ಹುಡುಗಿ ಸತ್ತುಹೋದಳು, ಅದು ಜುಲೈ ತಿಂಗಳು. ಮೇರಿ ಆ್ಯನಿಂಗ್‌ಳ ನಾಯಿ ಸತ್ತಿದ್ದೂ ಹೀಗೇ, 1833ರಲ್ಲಿ, ಅವಳ ಕಣ್ಣೆದುರು.

ಗುಡ್ಡದ ಬುಡದಲ್ಲಿ ಕೂರಬೇಡಿ, ಟಿಫಿನ್ ಬಿಚ್ಚಬೇಡಿ. ಮೇಲೆ ಒಣಗಿದ ಹಾಗೆ ಕಾಣುವ ಕೆಸರಿನ ಮೇಲೆ ಹತ್ತಬೇಡಿ, ಸೊಂಟದವರೆಗೆ ಹೂತುಹೋಗುತ್ತದೆ. ಎಡವಟ್ಟಾದರೆ 999 ಒತ್ತಿ ಕೋಸ್ಟ್‌ಗಾರ್ಡ್ ಬೇಕು ಅನ್ನಿ. ಪೊಲೀಸು, ಆಂಬುಲೆನ್ಸ್ ಅಂತ ಹೇಳಿ ಹೊತ್ತು ಕಳೆಯಬೇಡಿ. ಫೋನ್ ಸಿಗ್ನಲ್ ಕೆಲವು ಕಡೆ ಇರುವುದಿಲ್ಲ ಅನ್ನುವುದೂ ನೆನಪಿರಲಿ.

ಬಸವನಗುಡಿ_ಬ್ರಿಸ್ಟಲ್:

ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ ರೀ. ನಾನು ನನ್ನ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ, ಅವರಿಗೆ ಆಗ 74.

ಲೈಮ್‌ಗಿಂತ ಚಾರ್‌ಮತ್ ಅವರಿಗೆ ಸುಲಭ. ಲೈಮ್‌ನ ಮುಖ್ಯ ಬೀದಿ ಚಾಮುಂಡಿ ಬೆಟ್ಟದ ಹಾಗೆ ಇಳಿಜಾರು. ಚಾರ್‌ಮತ್‌ನಲ್ಲಿ ಕಾರು ನಿಲ್ಲಿಸುವ ಜಾಗ ದಂಡೆಗೆ ಅಂಟಿಕೊಂಡೇ ಇದೆ, ಸಮತಟ್ಟು. ಟಾಯ್ಲೆಟ್, ಕೆಫೆ ಎಲ್ಲ ಅಲ್ಲೇ. ಕೂತುಕೊಳ್ಳಲು ಬೆಂಚ್ ಇದೆ. ದಂಡೆಗೆ ಇಳಿದ ಮೇಲೆ ಮಾತ್ರ ಬರೀ ಉರುಟು ಕಲ್ಲು. ಕೋಲು ಊರಿದರೆ ಜಾರುತ್ತದೆ. ಅತ್ತೆ ಹತ್ತು ಹೆಜ್ಜೆ ಇಟ್ಟು "ಸಾಕಪ್ಪ" ಅಂದರು. ಮಡಚುವ ಕುರ್ಚಿ ಒಯ್ದಿದ್ದೆವು, ಕಲ್ಲು ಶುರುವಾಗುವ ಮುಂಚೆಯೇ ಹಾಕಿಕೊಟ್ಟೆವು. ಮಕ್ಕಳು ತಂದು ತಂದು ಮಡಿಲಿಗೆ ಸುರಿದರು, ಅವರು ಅಕ್ಕಿ ಆರಿಸಿದ ಹಾಗೆ ಆರಿಸಿದರು. ನಮ್ಮ ಕಣ್ಣಿಗೆ ಕಾಣದ ಎರಡು ಅವರ ಕಣ್ಣಿಗೆ ಸಿಕ್ಕವು!

ಸೀರೆಯ ಕೆಳಗೆ ಥರ್ಮಲ್, ಕಾಲಿಗೆ ಶೂ. ಚಪ್ಪಲಿ ಮೇಲೆ ಸಾಕ್ಸ್ ಬೇಡ, ದಯವಿಟ್ಟು. ಫ್ಲಾಸ್ಕ್‌ನಲ್ಲಿ ಕಾಫಿ ಒಯ್ಯಿರಿ.

ಸೆಂಟರ್‌ನವರು ಗೈಡ್ ಜೊತೆ ನಡಿಗೆ ಮಾಡಿಸುತ್ತಾರೆ, ಟಿಕೆಟ್ ಇದೆ. ಅದರ ಹೊತ್ತನ್ನು ಇಳಿತ ನೋಡಿಯೇ ಇಟ್ಟಿರುತ್ತಾರೆ. ರಜೆ ವಾರದಲ್ಲಿ ಬೇಗ ತುಂಬಿಹೋಗುತ್ತದೆ, ಇವತ್ತೇ ನೋಡಿ. ಮೊದಲ ಸಲ ಹೋಗುವವರಿಗೆ ನಾನಂತೂ ಅದನ್ನೇ ಹೇಳುವುದು. ಮತ್ತೆ ಗಡಿಯಾರ ಹಿಂದೆ ಹೋದ ಮೇಲೆ ಸಂಜೆ ಐದರ ಒಳಗೇ ಸೂರ್ಯ ಮುಳುಗುತ್ತಾನೆ.

ಸಾಗರದಿಂದ_ರೆಡಿಂಗ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೈಡ್ ನಡಿಗೆ ಎರಡೂ ದಿನ ತುಂಬಿಹೋಗಿದೆ. ಸುತ್ತಿಗೆ ಬದಲು ಚಹಾ ಜರಡಿ ಕೊಡಿಸುವುದಾಗಿ ಒಪ್ಪಂದ ಆಗಿದೆ.

ಇವತ್ತು ಗುರುವಾರ. ಶನಿವಾರಕ್ಕೆ ನೈಋತ್ಯದಿಂದ ಜೋರು ಗಾಳಿ, ಮಳೆ ಅಂತ ತೋರಿಸುತ್ತಿದೆ. ಭಾನುವಾರ ವಾಯವ್ಯದ ಗಾಳಿ, ಬಿಸಿಲು. ಶನಿವಾರ ಅಲ್ಲೇ ಉಳಿಯಲು ರೂಮು ಬುಕ್ ಮಾಡಿದ್ದೇವೆ, ದುಡ್ಡು ವಾಪಸ್ ಕೊಡುವುದಿಲ್ಲವಂತೆ. ಏನು ಮಾಡುವುದು?

ಕುಮಟಾ_ಟು_ಯೋವಿಲ್:

ರೂಮು ಇರಲಿ. ಶನಿವಾರ ಲೈಮ್‌ನ ಮ್ಯೂಸಿಯಂ ನೋಡಿ, ಮೇರಿ ಹುಟ್ಟಿದ ಮನೆ ಇದ್ದ ಜಾಗದಲ್ಲೇ ಕಟ್ಟಿದ್ದಾರೆ. ಭಾನುವಾರ ದಂಡೆ. ವಾಯವ್ಯದ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ, ಅದು ನಿಮಗೆ ಅನುಕೂಲ. ಮಳೆ ಬಿದ್ದ ಮರುದಿನ ಆದ್ದರಿಂದ ಗುಡ್ಡದಿಂದ ಇನ್ನೂ ದೂರ ಇರಿ. ಬೆಳಗ್ಗೆ ದಂಡೆಗೆ ಇಳಿಯುವ ಮುಂಚೆ ಸೆಂಟರ್‌ನ ಹೊರಗಿನ ಬೋರ್ಡ್ ಓದಿ. ಒಳಗೆ ಯಾರಾದರೂ ಇದ್ದರೆ "ಇವತ್ತು ಯಾವ ಕಡೆ" ಅಂತ ಒಂದು ಮಾತು ಕೇಳಿ. ಆ್ಯಪ್‌ಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ.

ಸಾಗರದಿಂದ_ರೆಡಿಂಗ್:

ಹೋಗಿಬಂದೆವು. ಬರೆಯದೆ ಇದ್ದರೆ ಸರಿ ಇರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಶನಿವಾರ ಮಳೆ ಅಂದರೆ ಮಳೆ. ನಮ್ಮ ಆಷಾಢ ನೆನಪಾಯಿತು. ಮ್ಯೂಸಿಯಂ ಕಿಟಕಿಯಿಂದ ನೋಡಿದರೆ ಮಧ್ಯಾಹ್ನ ಇಳಿತದ ಹೊತ್ತಿಗೂ ಅಲೆ ಬಿಳಿ ಬಿಳಿಯಾಗಿ ಒಳಗೇ ನುಗ್ಗುತ್ತಿತ್ತು. ಟೇಬಲ್ ನಂಬಿ ಇಳಿದಿದ್ದರೆ ಏನು ಗತಿಯಾಗುತ್ತಿತ್ತೋ.

ಭಾನುವಾರ ಅಮ್ಮ ಐದು ಗಂಟೆಗೇ ಎಲ್ಲರನ್ನೂ ಎಬ್ಬಿಸಿದರು. ಹಬ್ಬದ ಎಣ್ಣೆಸ್ನಾನ ಆಗಬೇಕಲ್ಲ. ಅವರ ಕೈಗಡಿಯಾರದಲ್ಲಿ ಆರಾಗಿತ್ತು, ಅದನ್ನು ಯಾರೂ ತಿರುಗಿಸಿರಲಿಲ್ಲ. ಕುಮಟಾದವರು ಹೇಳಿದ್ದು ಸುಳ್ಳಾಗಲಿಲ್ಲ. ತಲೆಗೆ ಎಣ್ಣೆ ಒತ್ತಿಸಿಕೊಂಡು, ಬಾಡಿಗೆ ರೂಮಿನ ಶವರ್‌ನಲ್ಲಿ ಸೀಗೆಪುಡಿ ತಿಕ್ಕಿ, ಒಂಬತ್ತೂವರೆಗೆಲ್ಲ ಚಾರ್‌ಮತ್‌ನಲ್ಲಿದ್ದೆವು.

ಬೋರ್ಡ್ ಓದಿದೆ, ವಾರ್ಡನ್ ಒಬ್ಬರನ್ನು ಕೇಳಿದೆ. ಲೈಮ್ ಕಡೆ ರಾತ್ರಿ ಹೊಸ ಕೆಸರು ಇಳಿದಿದೆ, ಆ ಕಡೆ ಹೋಗಬೇಡಿ, ಪೂರ್ವಕ್ಕೆ ಸ್ಟೋನ್‌ಬ್ಯಾರೋ ಕಡೆ ಹೋಗಿ ಅಂದರು. ನಾನು ಎರಡು ವಾರ ಓದಿ ನಕ್ಷೆ ಗುರುತು ಹಾಕಿದ್ದೆಲ್ಲ ಲೈಮ್ ಕಡೆಯದ್ದೇ! ಮಡಚಿ ಜೇಬಿಗೆ ಹಾಕಿದೆ.

ಮೊದಲ ಒಂದು ಗಂಟೆ ಏನೂ ಕಾಣಲಿಲ್ಲ. ಎಲ್ಲವೂ ಬೂದು ಕಲ್ಲು. ಮಗನ ಮುಖ ಸಣ್ಣದಾಗಿತ್ತು. ಆಮೇಲೆ ಪಕ್ಕದಲ್ಲಿ ಹುಡುಕುತ್ತಿದ್ದ ಅಜ್ಜ ಒಬ್ಬರು ನಿಂತು ನೋಡಬೇಡಿ, ಕುಕ್ಕರುಗಾಲಲ್ಲಿ ಕೂತು ಒಂದೇ ಮೊಳ ಜಾಗ ನೋಡಿ ಅಂದರು. ಕೂತೆವು. ಕಣ್ಣು ಹೊಂದಿಕೊಂಡಿತು ನೋಡಿ, ಪೆನ್ಸಿಲ್ ಚೂರಿನ ಹಾಗಿರುವ ಬೆಲೆಮ್ನೈಟ್ ಅನ್ನುವ ಪಳೆಯುಳಿಕೆ ಒಂದಾದ ಮೇಲೆ ಒಂದು ಸಿಗುತ್ತಾ ಹೋದವು. ಹನ್ನೊಂದೂವರೆಗೆ ಮಗನ ಜರಡಿಯಲ್ಲಿ ಉದ್ದಿನಬೇಳೆಗಿಂತ ಸ್ವಲ್ಪ ದೊಡ್ಡದು, ಬಂಗಾರದ ಬಣ್ಣದ್ದು, ಸುರುಳಿ ಸುತ್ತಿಕೊಂಡದ್ದು. ಅವನು ಕೂಗಲೇ ಇಲ್ಲ. ಉಸಿರು ಹಿಡಿದುಕೊಂಡು ನನ್ನ ಕೈ ಎಳೆದ.

ಹನ್ನೆರಡಕ್ಕೆ ಫೋನ್ ಅಲಾರಂ ಹೊಡೆಯಿತು. ಇನ್ನು ಹತ್ತೇ ನಿಮಿಷ ಅಂದ. ನಮ್ಮವರು "ಯೋವಿಲ್ ಅಂಕಲ್‌ನ ಬೂಟು" ಅಂದರು. ಎದ್ದ.

ಅಮ್ಮ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಮಗ ಅವರ ಅಂಗೈ ಮೇಲೆ ಇಟ್ಟ. ಸೆರಗಿನ ತುದಿಯಲ್ಲಿ ಒರೆಸಿ, ಕನ್ನಡಕ ಮೇಲೆತ್ತಿ ನೋಡಿದರು. "ಚಕ್ರ ಇದೆಯಲ್ಲೋ ಇದರಲ್ಲಿ" ಅಂದರು. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಸಾಲಿಗ್ರಾಮ ಇದೆ. ಅದು ಗಂಡಕಿ ನದಿಯದ್ದು, ಅದೂ ಅಮ್ಮೋನೈಟೇ, ಇದಕ್ಕಿಂತ ಚಿಕ್ಕ ವಯಸ್ಸಿನದ್ದು ಅಂತ ಮಗ ವಿವರಿಸಿದ. ಇದಕ್ಕೆ ಎಷ್ಟು ವರ್ಷ ಅಂದರು. ಸುಮಾರು ಹತ್ತೊಂಬತ್ತೂವರೆ ಕೋಟಿ ಅಂದ. "ಹಾಗಾದರೆ ಮಡಿಯಲ್ಲಿ ಮುಟ್ಟಬೇಕಿತ್ತು" ಅಂತ ತಮಾಷೆ ಮಾಡಿದರು. ತಮಾಷೆಯೋ ಅಲ್ಲವೋ, ಕಣ್ಣಿಗೊತ್ತಿಕೊಂಡಿದ್ದಂತೂ ನಿಜ.

ಸಾಗರಕ್ಕೆ ಒಯ್ಯುತ್ತೇನೆ ಅಂತ ಹಟ ಮಾಡಿದರು, ಪುಡಿಯಾಗುತ್ತದೆ ಅಂತ ಹೇಳಿ ತಡೆದಿದ್ದೇನೆ. ಸದ್ಯಕ್ಕೆ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ ಹಾಕಿ, ಅದರ ಮೇಲೆ ಇಟ್ಟು ಮುಚ್ಚಳ ಬಿಗಿದಿದ್ದಾರೆ. ಮಗ ದಿನಕ್ಕೆ ನಾಲ್ಕು ಸಲ ತೆಗೆಯುತ್ತಾನೆ. ಲೀಡ್ಸ್‌ನವರೇ, ಅಕ್ಕಿ ಸಾಕಾ, ಅಥವಾ ಶೂ ಡಬ್ಬಿಯಲ್ಲಿ ಬರುವ ಆ ಸಿಲಿಕಾ ಪೊಟ್ಟಣವೇ ಹಾಕಬೇಕಾ?